ಬೆನ್ನೆಲುಬಿನ ಪ್ರಾಣಿ ಯಾವ ಮನೆತನದ್ದು? ಏಳು ಪ್ರಶ್ನೆಗಳಲ್ಲಿ ಕಂಡುಹಿಡಿಯುವ ಬಗೆ

ಮಳೆ ಹಿಡಿದ ಮೇಲೆ ಮಲೆನಾಡಿನ ಅಡಿಕೆ ತೋಟಗಳಲ್ಲಿ, ಕೊಟ್ಟಿಗೆ ಗೊಬ್ಬರ ತೆಗೆಯುವಾಗ, ಒಂದು ಜೀವಿ ಸಿಗುತ್ತದೆ. ಸುಮಾರು ಒಂದು ಅಡಿ ಉದ್ದ, ಕಿರುಬೆರಳಿನಷ್ಟು ದಪ್ಪ, ಮೈತುಂಬ ಉಂಗುರ ಉಂಗುರವಾದ ಗೆರೆ. ಕಾಲಿಲ್ಲ. ಕಣ್ಣು ಹುಡುಕಬೇಕು. ಕೆಲವರು ಹಾವಿನ ಮರಿ ಅಂತ ಹೊಡೆಯುತ್ತಾರೆ. ಕೆಲವರು ದೊಡ್ಡ ಎರೆಹುಳು ಅಂತ ಬಿಟ್ಟುಬಿಡುತ್ತಾರೆ. ನಮ್ಮ ಅಜ್ಜನ ಮನೆಯ ಗೊಬ್ಬರಗುಂಡಿಯಲ್ಲಿ ಅದು ಸಿಕ್ಕಾಗ ನಾನು ಹೊಡೆಯುವವರ ಪಕ್ಕದಲ್ಲೇ ನಿಂತಿದ್ದೆ. ಅದು ಹಾವೂ ಅಲ್ಲ, ಹುಳುವೂ ಅಲ್ಲ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆ ಬೇಜಾರು ಇವತ್ತಿಗೂ ಹೋಗಿಲ್ಲ.

ಅದು ಏನೆಂದು ಈಗಲೇ ಹೇಳುವುದಿಲ್ಲ. ಕೆಳಗಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾ ಹೋಗಿ, ನೀವೇ ಹೇಳುತ್ತೀರಿ.

ಈ ಪ್ರಶ್ನೆಗಳ ಕ್ರಮವನ್ನು ನಾನು ಸುಮ್ನೆ ಇಟ್ಟಿದ್ದಲ್ಲ. 50 ಕೋಟಿಗೂ ಹೆಚ್ಚು ವರ್ಷಗಳಲ್ಲಿ ಬೆನ್ನೆಲುಬಿನ ಪ್ರಾಣಿಗಳ ಮೈಗೆ ಒಂದೊಂದೇ ಹೊಸ ಅಂಗ ಸೇರುತ್ತಾ ಬಂತು. ಮೊದಲು ಬೆನ್ನಿಗೆ ಆಸರೆ, ಆಮೇಲೆ ದವಡೆ, ಆಮೇಲೆ ಕಾಲು, ಆಮೇಲೆ ನೆಲದ ಮೇಲಿಡುವ ಮೊಟ್ಟೆ. ಸೇರಿದ ಕ್ರಮದಲ್ಲೇ ಕೇಳಿದರೆ ಪ್ರಾಣಿ ತಾನಾಗಿ ತನ್ನ ಕೊಂಬೆಯ ಮೇಲೆ ಹೋಗಿ ಕೂರುತ್ತದೆ. ವರ್ಗೀಕರಣ ಎಂದರೆ ಬಂಧುತ್ವ ಹುಡುಕುವ ಕೆಲಸ. ಯಾರು ಎಲ್ಲಿ ವಾಸ ಮಾಡುತ್ತಾರೆ, ಏನು ತಿನ್ನುತ್ತಾರೆ ಎಂಬುದರಿಂದ ಬಂಧುತ್ವ ಗೊತ್ತಾಗುವುದಿಲ್ಲ, ಅಲ್ವಾ? ಒಂದೇ ಬೀದಿಯಲ್ಲಿ ಇರುವವರೆಲ್ಲ ಅಣ್ಣತಮ್ಮಂದಿರಲ್ಲ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಪೆನ್ಸಿಲ್, ಸಾಧ್ಯವಾದರೆ ಒಂದು ಭೂತಗನ್ನಡಿ. ಮನೆಯಲ್ಲಿ ಮೀನು, ಕೋಳಿ ಮಾಡುವವರಾದರೆ ಅಡುಗೆಮನೆಯೇ ಪ್ರಯೋಗಶಾಲೆ. ಮಾಡದವರಿಗೆ ತಮ್ಮ ಕೈ, ಮನೆಯ ನಾಯಿ, ಗೋಡೆಯ ಹಲ್ಲಿ ಸಾಕು. ಹಾವನ್ನು ಮಾತ್ರ ದೂರದಿಂದಲೇ ನೋಡಿ, ಗುರುತಿಸಲಿಕ್ಕೆಂದು ಹಿಡಿಯಲು ಹೋಗಬೇಡಿ. ಚಿಪ್ಪುಹಂದಿಯ ಚಿಪ್ಪು, ಆಮೆಯ ಚಿಪ್ಪು ಕಾಡಿನಲ್ಲಿ ಸಿಕ್ಕರೂ ಮನೆಗೆ ತರಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಒಪ್ಪುವುದಿಲ್ಲ.

ಶುರು ಮಾಡುವ ಮೊದಲು ಹೆಸರನ್ನು ಪಕ್ಕಕ್ಕಿಡಿ

ನಮ್ಮ ಭಾಷೆಯ ಹೆಸರುಗಳು ಚೆಂದ, ಆದರೆ ಅವು ರೂಪ ನೋಡಿ ಇಟ್ಟವು. ಹಾವುರಾಣಿ ಹಾವಲ್ಲ, ಹಲ್ಲಿಯ ಕಡೆಯದು. ಮುಳ್ಳುಹಂದಿ ಹಂದಿಯಲ್ಲ, ಇಲಿಯ ಬಳಗ. ಚಿಪ್ಪುಹಂದಿ ಈ ಎರಡೂ ಅಲ್ಲ. ಕಡಲಕುದುರೆ ನಿಜವಾದ ಮೀನು, ನಕ್ಷತ್ರಮೀನಿಗೆ ಬೆನ್ನೆಲುಬೇ ಇಲ್ಲ.

ಹುಟ್ಟುವ ರೀತಿ ನೋಡಿ ವಿಂಗಡಿಸುವುದು ನಮ್ಮಲ್ಲಿ ಬಹಳ ಹಳೆಯದು. ಜರಾಯುಜ (ಗರ್ಭದಿಂದ ಹುಟ್ಟಿದ್ದು), ಅಂಡಜ (ಮೊಟ್ಟೆಯಿಂದ ಹುಟ್ಟಿದ್ದು) ಎಂಬ ಮಾತು ಹರಿಕಥೆ ಕೇಳಿದವರಿಗೆಲ್ಲ ಗೊತ್ತು. ಆದರೆ ಅಂಡಜದಲ್ಲಿ ಮೀನು, ಹಾವು, ಹಕ್ಕಿ ಎಲ್ಲ ಒಟ್ಟಿಗೆ ಬಂದುಬಿಡುತ್ತವೆ. ಜೀವಿಗಳನ್ನು ವಿಂಗಡಿಸಿ ಹೆಸರಿಡುವ ಕ್ರಮ ಹಾಕಿಕೊಟ್ಟ ಸ್ವೀಡನ್ನಿನ ಲಿನ್ನೇಯಸ್ ಕೂಡ ಮೊದಲು ತಿಮಿಂಗಿಲವನ್ನು ಮೀನುಗಳ ಸಾಲಿನಲ್ಲಿ ಇಟ್ಟಿದ್ದ. 1758ರ ತನ್ನ ಪುಸ್ತಕದಲ್ಲಿ ಅದನ್ನು ಸಸ್ತನಿಗಳ ಜೊತೆ ಸೇರಿಸಿದ. ಅದೇ ಪುಸ್ತಕದಲ್ಲಿ ಹಾವು, ಕಪ್ಪೆ, ಶಾರ್ಕ್ ಒಂದೇ ವರ್ಗದಲ್ಲಿದ್ದವು. ಅಷ್ಟು ದೊಡ್ಡ ವಿದ್ವಾಂಸನೇ ತಿದ್ದಿಕೊಳ್ಳುತ್ತಾ ಹೋದ. ನಾವೂ ಪೆನ್ಸಿಲಿನಲ್ಲಿ ಬರೆಯೋಣ.

ಪ್ರಶ್ನೆ 1: ಬೆನ್ನೆಲುಬು ಇದೆಯೇ?

ಬೇಯಿಸಿದ ಬಂಗುಡೆ ಮೀನನ್ನು ಮಧ್ಯಕ್ಕೆ ಬಿಡಿಸಿ. ತಲೆಯಿಂದ ಬಾಲದವರೆಗೆ ಮಣಿ ಪೋಣಿಸಿದ ಹಾಗೆ ಒಂದು ಸಾಲು ಬರುತ್ತದೆ. ಒಂದೊಂದು ಮಣಿಯೂ ಒಂದು ಕಶೇರು. ಈ ಸಾಲಿನ ಮೇಲ್ಭಾಗದಲ್ಲಿ ನರದ ಹುರಿ ಓಡುತ್ತದೆ. ಈಗ ನಿಮ್ಮ ಬೆನ್ನಿನ ನಡುವೆ ಬೆರಳಾಡಿಸಿ. ಅದೇ ಮಣಿಗಳು.

ಸಿಗಡಿ, ಏಡಿ, ಜೇಡ, ಎರೆಹುಳು, ಬಸವನಹುಳು ಇಲ್ಲಿಗೇ ಹೊರಗೆ ಹೋಗುತ್ತವೆ. ಭೂಮಿಯ ಪ್ರಾಣಿ ಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹೀಗೆ ಹೊರಗೇ ಉಳಿಯುವಂಥವು. ನಮ್ಮದು ಚಿಕ್ಕ ಬಳಗ.

ಈ ಬಳಗದ ಹಳೆಯ ಗುರುತು ಚೀನಾದ ಯುನ್ನಾನ್ ಪ್ರಾಂತ್ಯದ ಚೆಂಗ್‌ಜಿಯಾಂಗ್‌ನಲ್ಲಿ ಸಿಕ್ಕಿದೆ. ಅಲ್ಲಿನ ಸುಮಾರು 52 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಹೈಕೋಇಕ್ಥಿಸ್ ಎಂಬ ಪುಟ್ಟ ಜೀವಿಯ ಅಚ್ಚು ಇದೆ. ಒಂದು ಅಂಗುಲದಷ್ಟು ಉದ್ದ. ತಲೆ ಇದೆ, ಕಿವಿರು ಇದೆ, ಬೆನ್ನಿಗೆ ಮೆದುವಾದ ಆಸರೆ ಇದೆ. ದವಡೆ ಇಲ್ಲ. ಅಲ್ಲಿಂದ ಆನೆಯವರೆಗೆ ಬಂದ ದಾರಿಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ ಎನ್ನುತ್ತದೆ.

ಪ್ರಶ್ನೆ 2: ದವಡೆ ಇದೆಯೇ?

ಕರ್ನಾಟಕದಲ್ಲಿ ನೀವು ನೋಡುವ ಬೆನ್ನೆಲುಬಿನ ಪ್ರಾಣಿಗಳ ಮಟ್ಟಿಗೆ ಇದಕ್ಕೆ ಉತ್ತರ "ಹೌದು" ಎಂದೇ. ದವಡೆಯಿಲ್ಲದೆ ಉಳಿದಿರುವವು ಲ್ಯಾಂಪ್ರಿ, ಹ್ಯಾಗ್‌ಫಿಶ್ ಎಂಬ ಎರಡೇ ಗುಂಪು. ನಮ್ಮ ಹೊಳೆಗಳಲ್ಲಿ ಲ್ಯಾಂಪ್ರಿ ಇಲ್ಲ. ಮುಂದೆ ಹೋಗೋಣ.

ಪ್ರಶ್ನೆ 3: ಗಟ್ಟಿ ಎಲುಬೋ, ಮೆದು ಎಲುಬೋ?

ಮಲ್ಪೆಯಲ್ಲೋ ಕಾರವಾರದಲ್ಲೋ ಮೀನು ಮಾರುಕಟ್ಟೆಗೆ ಹೋದರೆ ಇದಕ್ಕೆ ಒಳ್ಳೆಯ ಪಾಠ ಸಿಗುತ್ತದೆ. ತಾಟೆ, ಅಂದರೆ ಶಾರ್ಕ್, ಮತ್ತು ಚಪ್ಪಟೆ ಮೈಯ ತೊರಕೆ ಒಂದು ಕಡೆ. ಬಂಗುಡೆ, ಬೂತಾಯಿ, ಅಂಜಲ್ ಇನ್ನೊಂದು ಕಡೆ. ತಾಟೆಯ ಅಸ್ಥಿಪಂಜರ ನಿಮ್ಮ ಕಿವಿಯ ಆಲೆಯಂಥ ಮೆದು ಎಲುಬಿನದು. ಹೊರಗಿನಿಂದ ಗುರುತಿಸಲು ಕಿವಿರನ್ನು ನೋಡಿ. ತಾಟೆಗೆ ಸಾಮಾನ್ಯವಾಗಿ ಐದು ಸೀಳುಗಳು ತೆರೆದೇ ಇರುತ್ತವೆ. ತೊರಕೆಗೆ ಅವು ಹೊಟ್ಟೆಯ ಕಡೆ ಇರುತ್ತವೆ. ಬಂಗುಡೆಗೆ ಕಿವಿರಿನ ಮೇಲೆ ಒಂದು ಮುಚ್ಚಳ ಇದೆ, ಮೀನು ತಾಜಾ ಇದೆಯಾ ಎಂದು ನೋಡಲು ನಾವು ಎತ್ತುವುದು ಅದನ್ನೇ. ತಾಟೆಯ ಮೈಮೇಲೆ ಬಾಲದಿಂದ ತಲೆಯ ಕಡೆಗೆ ಕೈ ಸವರಿದರೆ ಮರಳುಕಾಗದದ ಹಾಗೆ ಉಜ್ಜುತ್ತದೆ.

ಗಟ್ಟಿ ಎಲುಬಿನ ಕಡೆ ಇನ್ನೊಂದು ಕವಲಿದೆ. ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಾವು ಬಂದದ್ದು ಈ ಕವಲಿನಿಂದ. ಬಂಗುಡೆಯ ಈಜುರೆಕ್ಕೆಯನ್ನು ಬಿಡಿಸಿ ನೋಡಿ. ಬೀಸಣಿಗೆಯ ಹಾಗೆ ತೆಳು ಕಡ್ಡಿಗಳು, ಅಷ್ಟೇ. ಇನ್ನೊಂದು ಬಗೆಯ ಮೀನುಗಳಿಗೆ ಈಜುರೆಕ್ಕೆಯ ಬುಡದಲ್ಲಿ ಮಾಂಸ ತುಂಬಿದ ತೋಳು ಇದೆ, ಒಳಗೆ ದಪ್ಪ ಎಲುಬು ಇದೆ. ಅಂಥವು ಇವತ್ತು ಉಳಿದಿರುವುದು ಕೆಲವೇ: ಆರು ಜಾತಿಯ ಶ್ವಾಸಕೋಶದ ಮೀನು, ಎರಡು ಜಾತಿಯ ಸೀಲಕಾಂತ್.

ಸೀಲಕಾಂತ್ ಡೈನೋಸಾರ್ ಕಾಲಕ್ಕೇ ಮುಗಿದುಹೋಯಿತು ಎಂದು ಎಲ್ಲರೂ ನಂಬಿದ್ದರು. 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಎಂಬ ಊರಿನ ಬಂದರಿಗೆ ಒಂದು ದೋಣಿ ಬಂತು. ಅಲ್ಲಿನ ಚಿಕ್ಕ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಮಾರ್ಜೊರಿ ಕೋರ್ಟ್ನಿ ಲ್ಯಾಟಿಮರ್ ಮೀನಿನ ರಾಶಿಯಲ್ಲಿ ಒಂದು ನೀಲಿ ಈಜುರೆಕ್ಕೆ ಕಂಡಳು. ಮೀನಿನ ಚಿತ್ರ ಬರೆದು ಜೆ.ಎಲ್.ಬಿ. ಸ್ಮಿತ್ ಎಂಬ ತಜ್ಞನಿಗೆ ಕಳಿಸಿದಳು. ಅದು ಸೀಲಕಾಂತ್. ಅವಳ ಹೆಸರಿನಿಂದಲೇ ಅದನ್ನು ಲ್ಯಾಟಿಮೇರಿಯಾ ಎಂದು ಕರೆದರು. ವಿಷಯ ಇಷ್ಟೇ: ಈ ಮೀನು ಬಂಗುಡೆಗಿಂತ ನಮಗೆ ಹತ್ತಿರದ ನೆಂಟ. "ಮೀನು" ಎಂಬುದು ಒಂದೇ ಕೊಂಬೆಯಲ್ಲ. ನೀರಿನಲ್ಲೇ ಉಳಿದ ಹಲವು ಕೊಂಬೆಗಳಿಗೆ ನಾವು ಇಟ್ಟ ಒಂದೇ ಹೆಸರು.

ಪ್ರಶ್ನೆ 4: ಕೈಕಾಲು ಇದೆಯೇ, ಅಥವಾ ಹಿಂದೆ ಇದ್ದ ಗುರುತಿದೆಯೇ?

ಇದು ನನ್ನ ಅಚ್ಚುಮೆಚ್ಚಿನ ಹೆಜ್ಜೆ. ಬೇಯಿಸಿದ ಕೋಳಿಯ ರೆಕ್ಕೆಯೊಂದನ್ನು ತೆಗೆದುಕೊಳ್ಳಿ. ಮಾಂಸ ಬಿಡಿಸಿ ಎಲುಬುಗಳನ್ನು ತಟ್ಟೆಯ ಮೇಲೆ ಕ್ರಮವಾಗಿ ಜೋಡಿಸಿ. ಭುಜದಿಂದ ಮೊಣಕೈಗೆ ಒಂದು ಎಲುಬು. ಮೊಣಕೈಯಿಂದ ಮಣಿಕಟ್ಟಿಗೆ ಎರಡು. ಆಮೇಲೆ ಮಣಿಕಟ್ಟಿನ ಸಣ್ಣ ತುಂಡುಗಳು. ಕೊನೆಗೆ ಬೆರಳುಗಳು, ಕೋಳಿಗೆ ಮೂರು, ಅರ್ಧ ಬೆಸೆದುಹೋಗಿವೆ. ಈಗ ನಿಮ್ಮ ಕೈಯನ್ನು ತಟ್ಟೆಯ ಪಕ್ಕದಲ್ಲಿಟ್ಟು ಮುಟ್ಟಿ ಮುಟ್ಟಿ ನೋಡಿ. ಒಂದು, ಎರಡು, ಸಣ್ಣ ತುಂಡುಗಳು, ಬೆರಳು. ಇದೇ ನಕ್ಷೆ ಬಾವಲಿಯ ರೆಕ್ಕೆಯಲ್ಲಿದೆ, ಡಾಲ್ಫಿನ್ನಿನ ಈಜುಕೈಯಲ್ಲಿದೆ, ಎತ್ತಿನ ಮುಂಗಾಲಿನಲ್ಲಿದೆ. ಕಪ್ಪೆಯಲ್ಲಿ ನಡುವಿನ ಎರಡು ಎಲುಬು ಬೆಸೆದುಕೊಂಡಿವೆ, ಆದರೂ ನಡುವಿನ ಗೆರೆ ಕಾಣುತ್ತದೆ. ಹಾರಲು, ಈಜಲು, ಉಳಲು ಬೇರೆ ಬೇರೆ ಕೈ ಬೇಕು. ಆದರೂ ನಕ್ಷೆ ಒಂದೇ ಆಗಿರುವುದು ಏಕೆ? ಎಲ್ಲರಿಗೂ ಅದು ಒಬ್ಬರೇ ಹಿರಿಯರಿಂದ ಬಂದ ಆಸ್ತಿ.

ಆ ಹಿರಿಯರ ಕಾಲದ ಜೀವಿಯನ್ನು ಹುಡುಕಿದ ಕಥೆ ವಿಜ್ಞಾನ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ. 38 ಕೋಟಿ ವರ್ಷ ಹಿಂದಿನ ಕಲ್ಲಿನಲ್ಲಿ ಮಾಂಸದ ರೆಕ್ಕೆಯ ಮೀನುಗಳು ಸಿಗುತ್ತಿದ್ದವು. 36 ಕೋಟಿ ವರ್ಷದ ಆಸುಪಾಸಿನ ಗ್ರೀನ್‌ಲ್ಯಾಂಡ್ ಕಲ್ಲಿನಲ್ಲಿ ಕಾಲುಳ್ಳ ಪ್ರಾಣಿಗಳು ಸಿಕ್ಕಿದ್ದವು. ಹಾಗಾದರೆ ನಡುವಿನದು ಈ ಎರಡರ ನಡುವಿನ ವಯಸ್ಸಿನ, ಹಳೆಯ ಹೊಳೆ ಹರಿದ ಕಲ್ಲಿನಲ್ಲಿ ಇರಬೇಕು ಎಂದು ಪಳೆಯುಳಿಕೆ ತಜ್ಞರಾದ ನೀಲ್ ಶುಬಿನ್, ಟೆಡ್ ಡೇಶ್ಲರ್ ಮತ್ತು ಜೊತೆಗಾರರು ಲೆಕ್ಕ ಹಾಕಿದರು. ಕೆನಡಾದ ಉತ್ತರ ತುದಿಯ ದ್ವೀಪಗಳಲ್ಲಿ 1999ರಿಂದ ಹುಡುಕಿದರು. 2004ರಲ್ಲಿ ಎಲ್ಸ್‌ಮಿಯರ್ ದ್ವೀಪದಲ್ಲಿ ಅದು ಸಿಕ್ಕಿತು. ಹೆಸರು ಟಿಕ್ಟಾಲಿಕ್, ವಯಸ್ಸು ಸುಮಾರು 37.5 ಕೋಟಿ ವರ್ಷ. ಮೀನಿನ ಹಾಗೆ ಹುರುಪೆ ಇದೆ, ಈಜುರೆಕ್ಕೆ ಇದೆ. ಮೀನಿಗಿಲ್ಲದ ಕುತ್ತಿಗೆ ಇದೆ, ಮೊಸಳೆಯಂಥ ಚಪ್ಪಟೆ ತಲೆ ಇದೆ, ರೆಕ್ಕೆಯೊಳಗೆ ಮಣಿಕಟ್ಟಿನಂಥ ಎಲುಬುಗಳಿವೆ.

ಗ್ರೀನ್‌ಲ್ಯಾಂಡಿನ ಆ ಹಳೆಯ ಕಾಲಿನವರಿಗೆ ಐದೇ ಬೆರಳು ಇರಲಿಲ್ಲ ಎಂಬುದನ್ನೂ ಗಮನಿಸಿ. ಅಕಾಂತೊಸ್ಟೆಗಾಗೆ ಮುಂಗಾಲಿನಲ್ಲಿ ಎಂಟು, ಇಕ್ಥಿಯೊಸ್ಟೆಗಾಗೆ ಹಿಂಗಾಲಿನಲ್ಲಿ ಏಳು. ಐದು ಎಂಬ ಲೆಕ್ಕ ನಿಂತದ್ದು ಆಮೇಲೆ.

ಈ ಪ್ರಶ್ನೆಯ ಎರಡನೇ ಭಾಗವನ್ನು ಮರೆಯಬೇಡಿ. ಕಾಲು ಕಳೆದುಕೊಂಡವೂ ಈ ಬಳಗದವೇ. ಹೆಬ್ಬಾವಿನ ಬಾಲದ ಬುಡದಲ್ಲಿ, ಎರಡೂ ಪಕ್ಕ, ಪುಟ್ಟ ಉಗುರಿನಂಥ ಮುಳ್ಳು ಇದೆ. ಅದು ಹಿಂಗಾಲಿನ ಉಳಿಕೆ. ತಿಮಿಂಗಿಲದ ಹೊಟ್ಟೆಯ ಮಾಂಸದೊಳಗೆ ಬೆನ್ನೆಲುಬಿಗೆ ಅಂಟದ ಸಣ್ಣ ಸೊಂಟದ ಎಲುಬುಗಳಿವೆ.

ಪ್ರಶ್ನೆ 5: ಮರಿಯ ಸುತ್ತ ನೀರಿನ ಚೀಲ ಇದೆಯೇ?

ಕಪ್ಪೆಯ ಮೊಟ್ಟೆ ಲೋಳೆಯೊಳಗಿನ ಚುಕ್ಕಿ. ಒಣಗಿದರೆ ಸತ್ತಿತು. ಅದಕ್ಕೇ ಹೆಚ್ಚಿನ ಕಪ್ಪೆಗಳು ನೀರಿಗೇ ಮರಳಬೇಕು, ಗೊದಮೊಟ್ಟೆಯಾಗಿ ಕಿವಿರಿನಲ್ಲಿ ಉಸಿರಾಡಬೇಕು. ಸುಮಾರು 31 ಕೋಟಿ ವರ್ಷ ಹಿಂದಿನ ಹೊತ್ತಿಗೆ ಒಂದು ಕವಲು ಈ ಕಟ್ಟಿನಿಂದ ಬಿಡಿಸಿಕೊಂಡಿತ್ತು. ಮರಿಯ ಸುತ್ತ ಒಂದು ಪೊರೆ, ಅದರೊಳಗೆ ನೀರು. ಅಂದರೆ ಪ್ರತಿ ಮರಿಗೂ ತನ್ನದೇ ಒಂದು ಪುಟ್ಟ ಕೊಳ. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಕಲ್ಲಾದ ಮರದ ಬೊಡ್ಡೆಗಳ ಒಳಗೆ ಸಿಕ್ಕ ಹೈಲೊನೊಮಸ್ ಈ ಕವಲಿನ ಹಳೆಯ ಸದಸ್ಯ. ನೋಡಲು ಹಲ್ಲಿಯಷ್ಟೇ.

ಬೇಯಿಸಿದ ಕೋಳಿಮೊಟ್ಟೆ ಸುಲಿಯುವಾಗ ಸಿಗುವ ತೆಳು ಬಿಳಿ ಪೊರೆಯನ್ನು ಇದು ಎಂದುಕೊಳ್ಳಬೇಡಿ, ಅದು ಚಿಪ್ಪಿನ ಒಳಪದರ. ನೀರಿನ ಚೀಲ ಕಟ್ಟುವುದು ಮರಿ ಬೆಳೆಯಲು ಶುರುವಾದ ಮೇಲೆ. ಮನುಷ್ಯರಲ್ಲೂ ಅದು ಇದೆ. ಹೆರಿಗೆಗೆ ಮುಂಚೆ "ನೀರು ಹೋಯಿತು" ಎನ್ನುತ್ತಾರಲ್ಲ, ಅದೇ ನೀರು.

ಹೊರಗಿನಿಂದ ಇದನ್ನು ನೋಡಲಾಗದು, ಹಾಗಾಗಿ ಚರ್ಮವನ್ನು ನೋಡಿ. ಚರ್ಮ ಒದ್ದೆ, ಬೆತ್ತಲೆ, ಬೆರಳಿಗೆ ಉಗುರಿಲ್ಲ ಎಂದರೆ ಉಭಯವಾಸಿ. ಚರ್ಮ ಒಣಗಿದ್ದು, ಹುರುಪೆಯೋ ಗರಿಯೋ ಕೂದಲೋ ಇದ್ದರೆ ಮುಂದಿನ ಪ್ರಶ್ನೆಗೆ ಹೋಗಿ. ಮೊಟ್ಟೆ ನೆಲದ ಮೇಲಿದೆ ಎಂಬ ಒಂದೇ ಕಾರಣಕ್ಕೆ ತೀರ್ಮಾನ ಮಾಡಬೇಡಿ. ನಮ್ಮ ಪಶ್ಚಿಮ ಘಟ್ಟದ ಪೊದೆಗಪ್ಪೆಗಳು ನೀರಿನ ಹೊರಗೇ ಮೊಟ್ಟೆ ಇಡುತ್ತವೆ, ಗೊದಮೊಟ್ಟೆಯ ಹಂತವೇ ಹೊರಗೆ ಕಾಣದೆ ನೇರವಾಗಿ ಪುಟ್ಟ ಕಪ್ಪೆ ಹೊರಬರುತ್ತದೆ. ಅವು ಕಪ್ಪೆಗಳೇ, ಆ ಮೊಟ್ಟೆಯೊಳಗೆ ನೀರಿನ ಚೀಲ ಇಲ್ಲ.

ಪ್ರಶ್ನೆ 6: ಕೂದಲು, ಹಾಲು ಇದೆಯೇ?

ಕಣ್ಣಿನ ಹೊರತುದಿ ಮತ್ತು ಕಿವಿಯ ನಡುವೆ, ಕಪಾಲದ ಪಕ್ಕದಲ್ಲಿ ಎರಡು ಬೆರಳಿಟ್ಟು ಹಲ್ಲು ಕಚ್ಚಿ. ಒಂದು ಸ್ನಾಯು ಉಬ್ಬುತ್ತದೆ. ಕೆನ್ನೆಯ ಎಲುಬಿನ ಒಳಗಡೆ ಹಾದು ಅದು ದವಡೆಗೆ ಇಳಿಯುತ್ತದೆ. ಆ ಎಡೆಯೇ ಕೂದಲು, ಹಾಲು ಇರುವ ನಮ್ಮ ಸಸ್ತನಿ ಮನೆತನದ ಹಳೆಯ ಗುರುತು: ತಲೆಬುರುಡೆಯಲ್ಲಿ ಕಣ್ಣಿನ ಹಿಂದೆ ಒಂದು ತೂತು. ಹಲ್ಲಿ, ಮೊಸಳೆ, ಹಕ್ಕಿಗಳ ಮನೆತನದ್ದು ಎರಡು ತೂತಿನ ನಕ್ಷೆ. ಬೆನ್ನ ಮೇಲೆ ಹಾಯಿ ಹೊತ್ತ ಡೈಮೆಟ್ರೊಡಾನನ್ನು ಮಕ್ಕಳ ಆಟಿಕೆ ಡಬ್ಬಿಯಲ್ಲಿ ಡೈನೋಸಾರ್ ಜೊತೆ ಇಡುತ್ತಾರೆ. ಅದಕ್ಕಿರುವುದು ಒಂದೇ ತೂತು. ಅದು ಡೈನೋಸಾರಿಗಿಂತ ನಮಗೆ ಹತ್ತಿರ.

ಕಾಡಿನಲ್ಲೋ ಹೊಲದಲ್ಲೋ ಒಂದು ತಲೆಬುರುಡೆ ಕಂಡರೆ ಕೆಳದವಡೆ ನೋಡಿ. ಒಂದು ಪಕ್ಕಕ್ಕೆ ಒಂದೇ ಎಲುಬು, ಮುಂದೆ ಒಂದು ಬಗೆಯ ಹಲ್ಲು, ಹಿಂದೆ ಇನ್ನೊಂದು ಬಗೆ. ಹಾಗಿದ್ದರೆ ಬಹುಪಾಲು ಸಸ್ತನಿಯೇ. ಹಿಂದೆ ದವಡೆಯಲ್ಲಿದ್ದ ಎರಡು ಎಲುಬುಗಳು ಚಿಕ್ಕದಾಗುತ್ತಾ ನಮ್ಮ ಕಿವಿಯೊಳಗೆ ಸೇರಿದವು. ನಾವು ಮಾತು ಕೇಳಿಸಿಕೊಳ್ಳುವುದು ಅವುಗಳ ಸಹಾಯದಿಂದ.

ಚಿಪ್ಪುಹಂದಿ ಇಲ್ಲಿಯೇ ಬರುತ್ತದೆ. ಅದರ ಚಿಪ್ಪು ನಮ್ಮ ಉಗುರು, ಕೂದಲಿನ ವಸ್ತುವಿನದೇ. ಹೊಟ್ಟೆಯ ಕಡೆ ಕೂದಲಿದೆ, ಮರಿಗೆ ಹಾಲೂಡಿಸುತ್ತದೆ. ಆಸ್ಟ್ರೇಲಿಯಾದ ಪ್ಲಾಟಿಪಸ್ ಮೊಟ್ಟೆಯಿಡುತ್ತದೆ, ಆದರೂ ಕೂದಲಿದೆ, ಹಾಲಿದೆ. ಆದ್ದರಿಂದ ಸಸ್ತನಿಯೇ.

ಕಾರವಾರದ ಕಡಲಿನಲ್ಲಿ ಕಾಣುವ ಡಾಲ್ಫಿನ್ನಿಗೆ ಒಂದು ಸುಲಭ ಗುರುತು ಹೇಳುತ್ತೇನೆ. ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬೀಸುತ್ತದೆ. ಡಾಲ್ಫಿನ್ ಮೇಲೆ ಕೆಳಗೆ ಆಡಿಸುತ್ತದೆ. ಓಡುವ ನಾಯಿಯ ಬೆನ್ನು ಹೇಗೆ ಬಾಗುತ್ತದೆ ನೋಡಿ, ಅದೇ ಬಾಗು. ನೆಲದ ಮೇಲೆ ಓಡಿದ ಬೆನ್ನನ್ನೇ ಅದು ನೀರಿಗೆ ಒಯ್ದಿದೆ. ಜಮ್ಮುವಿನ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿಟ್ಟ ಕಲ್ಲುಗಳಲ್ಲಿ ಇಂಡೊಹಯಸ್ ಎಂಬ, ಬೆಕ್ಕಿನ ಗಾತ್ರದ, ಗೊರಸಿನ ಪ್ರಾಣಿ ಇತ್ತು. ಅದರ ಕಿವಿಯ ಎಲುಬು ತಿಮಿಂಗಿಲದ ಎಲುಬಿನ ಹಾಗಿದೆ ಎಂದು 2007ರಲ್ಲಿ ಪ್ರಕಟವಾಯಿತು. ಈಗ ಬದುಕಿರುವವರಲ್ಲಿ ತಿಮಿಂಗಿಲ, ಡಾಲ್ಫಿನ್ನುಗಳಿಗೆ ಹತ್ತಿರದ ನೆಂಟ ನೀರುಕುದುರೆ.

ಪ್ರಶ್ನೆ 7: ಗರಿಯೋ, ಚಿಪ್ಪೋ, ಹುರುಪೆಯೋ?

ಉಳಿದವರು ಇಲ್ಲಿ. ಚಿಪ್ಪಿದ್ದರೆ ಆಮೆ. ಆಮೆಯ ಚಿಪ್ಪು ಮನೆಯಲ್ಲ, ಅದರ ಪಕ್ಕೆಲುಬು ಮತ್ತು ಬೆನ್ನೆಲುಬೇ ಹರಡಿ ಬೆಸೆದದ್ದು. ಅದರಿಂದ ಹೊರಗೆ ಬರಲು ಆಮೆಗೆ ಆಗದು. ಮೈತುಂಬ ಹುರುಪೆ ಇದ್ದು, ಆಗಾಗ ಪೊರೆ ಬಿಡುತ್ತಿದ್ದರೆ ಹಲ್ಲಿ, ಓತಿಕ್ಯಾತ, ಉಡ, ಹಾವು. ಇವೆಲ್ಲ ಒಂದೇ ಬಳಗ.

ಮೊಸಳೆಯನ್ನು ನಾವು ಉಡದ ಪಕ್ಕದಲ್ಲಿ ಇಡುತ್ತೇವೆ. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಮೊಸಳೆ ಮಲಗಿರುತ್ತದೆ, ಮೇಲಿನ ಕೊಂಬೆಯಲ್ಲಿ ಕೊಕ್ಕರೆ ಗೂಡು ಕಟ್ಟಿರುತ್ತದೆ. ಮೊಸಳೆಯ ಹತ್ತಿರದ ನೆಂಟ ಆ ಕೊಕ್ಕರೆ, ಉಡ ಅಲ್ಲ. ಎರಡಕ್ಕೂ ಹೃದಯದಲ್ಲಿ ನಾಲ್ಕು ಕೋಣೆ. ಎರಡೂ ಗೂಡು ಕಾಯುತ್ತವೆ, ಮರಿ ನೋಡಿಕೊಳ್ಳುತ್ತವೆ. ನಡುವೆ ಇದ್ದ ಡೈನೋಸಾರುಗಳು ಅಳಿದದ್ದರಿಂದ ನಮಗೆ ನೆಂಟಸ್ತನ ಕಾಣುವುದಿಲ್ಲ. 1861ರಲ್ಲಿ ಜರ್ಮನಿಯ ಜೊಲ್ನ್‌ಹೋಫೆನ್ ಸುಣ್ಣಕಲ್ಲಿನಲ್ಲಿ ಸಿಕ್ಕ ಆರ್ಕಿಯೊಪ್ಟೆರಿಕ್ಸ್‌ಗೆ ಗರಿಯೂ ಇತ್ತು, ಹಲ್ಲೂ ಉದ್ದ ಎಲುಬಿನ ಬಾಲವೂ ಇತ್ತು. 1996ರಲ್ಲಿ ಚೀನಾದಲ್ಲಿ ಮೈಮೇಲೆ ಎಳೆಗರಿಯಿರುವ, ಹಾರಲಾರದ ಡೈನೋಸಾರ್ ಬೆಳಕಿಗೆ ಬಂತು. ಕೋಳಿಯ ಕಾಲಿನ ಹುರುಪೆಯನ್ನು ಇನ್ನೊಮ್ಮೆ ನೋಡಿ.

ಮೀನು, ಉಭಯವಾಸಿ, ಸರೀಸೃಪ, ಪಕ್ಷಿ, ಸಸ್ತನಿ ಎಂಬ ಶಾಲೆಯ ಐದು ಗುಂಪು ತಪ್ಪೇ ಎಂದು ಕೇಳಬಹುದು. ಸಾಮಾನು ಎತ್ತಿಡಲು ಐದು ಡಬ್ಬಿಗಳಾಗಿ ಅವು ಉಪಯೋಗಕ್ಕೆ ಬರುತ್ತವೆ. ಆದರೆ ಮಕ್ಕಳಿಗೆ ಮೊದಲು ಮರವನ್ನು ತೋರಿಸಿ, ಆಮೇಲೆ ಡಬ್ಬಿ ಕೊಡಿ ಎಂದೇ ನಾನು ಹೇಳುತ್ತೇನೆ. ಡಬ್ಬಿಯನ್ನು ಮೊದಲು ಕಲಿತವರಿಗೆ ಹಕ್ಕಿ ಸರೀಸೃಪಗಳ ಕೊಂಬೆಯಲ್ಲೇ ಚಿಗುರಿದ್ದು ಎಂದು ಒಪ್ಪಲು ಬಹಳ ಕಷ್ಟವಾಗುತ್ತದೆ.

ಮರವನ್ನು ಬರೆಯುವುದು

ನೋಟ್‌ಬುಕ್ಕಿನ ಪುಟದ ಕೆಳಗಿನಿಂದ ಮೇಲಕ್ಕೆ ಒಂದು ಓರೆ ಗೆರೆ ಎಳೆಯಿರಿ. ಅದರ ಮೇಲೆ ಕ್ರಮವಾಗಿ ಬರೆಯಿರಿ: ಬೆನ್ನೆಲುಬು, ದವಡೆ, ಗಟ್ಟಿ ಎಲುಬು, ಕೈಕಾಲು, ನೀರಿನ ಚೀಲ. ಒಂದೊಂದು ಗುರುತಿನ ಕೆಳಗೆ ಆ ಗುರುತಿಲ್ಲದವರಿಗೆ ಒಂದು ಕೊಂಬೆ ಬಿಡಿಸಿ. ಮೆದು ಎಲುಬಿನ ಹಿರಿಯರಲ್ಲಿ ಗಟ್ಟಿ ಎಲುಬು ಇದ್ದು ಆಮೇಲೆ ಹೋಗಿರಬಹುದು, ಹಾಗಾಗಿ ಆ ಒಂದು ಗುರುತನ್ನು ತೆಳುವಾಗಿ ಬರೆಯಿರಿ. ತುದಿಯಲ್ಲಿ ಗೆರೆ ಎರಡಾಗಲಿ: ಒಂದು ತೂತಿನವರು, ಎರಡು ತೂತಿನವರು. ಯಾರನ್ನೂ ಮೇಲು ಎಂದು ತುದಿಯಲ್ಲಿ ಕೂರಿಸಬೇಡಿ. ಇವತ್ತಿನ ಬಂಗುಡೆ, ಇವತ್ತಿನ ಕಪ್ಪೆ, ಇವತ್ತಿನ ಮನುಷ್ಯ, ಮೂವರೂ ಅಷ್ಟೇ ಕಾಲ ನಡೆದು ಬಂದವರು. ಒಂದು ವಾರ ಮನೆಯ ಸುತ್ತ ಕಂಡದ್ದನ್ನೆಲ್ಲ ಅದರ ಮೇಲೆ ಕೂರಿಸಿ ನೋಡಿ.

ಈಗ ಗೊಬ್ಬರಗುಂಡಿಗೆ ಬನ್ನಿ

ಬಾಯಿ ತೆರೆದರೆ ದವಡೆ ಇದೆ, ಹಲ್ಲಿದೆ. ಎರೆಹುಳುವಿಗೆ ಎರಡೂ ಇಲ್ಲ. ಹಾಗಾಗಿ ಬೆನ್ನೆಲುಬಿನ ಬಳಗ. ಕಿವಿರಿನ ಮುಚ್ಚಳ ಇಲ್ಲ, ಈಜುರೆಕ್ಕೆ ಇಲ್ಲ, ಮೀನಲ್ಲ. ಕಾಲಿಲ್ಲ, ಆದರೆ ಕಾಲಿಲ್ಲ ಎಂದಾಕ್ಷಣ ಹಾವು ಎನ್ನುವಂತಿಲ್ಲ. ಚರ್ಮ ನೋಡಿ. ಹೂಕುಂಡದಲ್ಲಿ ಸಿಗುವ ಕುರುಡು ಹಾವಿನ ಮೈ ಒಣಗಿ ಹೊಳೆಯುತ್ತದೆ, ಭೂತಗನ್ನಡಿಯಲ್ಲಿ ಹುರುಪೆ ಕಾಣುತ್ತದೆ. ಇದರ ಮೈ ಒದ್ದೆ, ಲೋಳೆ, ಹೊರಗೆ ಹುರುಪೆ ಕಾಣುವುದಿಲ್ಲ. ಐದನೇ ಪ್ರಶ್ನೆಯಲ್ಲೇ ನಿಂತಿತು. ಇದು ಉಭಯವಾಸಿ, ಕಪ್ಪೆಯ ದೂರದ ನೆಂಟ. ಹೆಸರು ಸಿಸಿಲಿಯನ್. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಪುಟ್ಟ ಮೀಸೆಯಂಥ ಒಂದು ಅಂಗ ಇದೆ, ವಾಸನೆ ಹಿಡಿಯಲು. ಅದು ಬೇರೆ ಯಾವ ಪ್ರಾಣಿಗೂ ಇಲ್ಲ.

ಪಶ್ಚಿಮ ಘಟ್ಟದಲ್ಲಿ ಇವುಗಳ ಹಲವು ಜಾತಿಗಳಿವೆ. ಇಕ್ಥಿಯೊಫಿಸ್ ಕೊಡಗುಯೆನ್ಸಿಸ್ ಎಂಬುದನ್ನು 2007ರಲ್ಲಿ ಹೆಸರಿಸಿದರು, ಕೊಡಗಿನ ಹೆಸರಿನಲ್ಲೇ. ಈ ಬಳಗದ ತಾಯಿ ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಟ್ಟು, ಅದರ ಸುತ್ತ ಸುರುಳಿ ಸುತ್ತಿಕೊಂಡು ಕಾಯುತ್ತಾಳೆ. ಎರೆಹುಳು, ಗೆದ್ದಲು ತಿನ್ನುವ ಇದಕ್ಕೆ ಮನುಷ್ಯರನ್ನು ಕೊಲ್ಲುವ ವಿಷವಿಲ್ಲ. ಸಿಕ್ಕರೆ ಒಂದು ಫೋಟೋ ತೆಗೆಯಿರಿ, ತಾರೀಖು ಬರೆದುಕೊಳ್ಳಿ. ಒಣ ಕೈಯಲ್ಲಿ ಮುಟ್ಟಬೇಡಿ. ಹಾರೆಯ ತುದಿಯಿಂದ ಮಣ್ಣಿನ ಸಮೇತ ಎತ್ತಿ, ನೆರಳಿರುವ ಕಡೆ ಒದ್ದೆ ದರಗಿನ ಕೆಳಗೆ ಬಿಡಿ. ಅರೆ ನಿಮಿಷದಲ್ಲಿ ಅದು ಮಣ್ಣಿನೊಳಗೆ ಇಳಿದುಹೋಗುತ್ತದೆ.